ಪೇಢೆ ಡಬ್ಬಿಯಲ್ಲಿ ಪಿಸ್ಟನ್ ರಿಂಗು

ಧಾರವಾಡದ ಕಾಲೇಜೊಂದರಲ್ಲಿ 31 ವರ್ಷ ಭೌತಶಾಸ್ತ್ರ ಕಲಿಸುವಾಗ, ಪ್ರತಿ ಹೊಸ ಬ್ಯಾಚಿನ ಕೈಗೆ ನಾನು ಮೊದಲು ಕೊಡುತ್ತಿದ್ದ ಉಪಕರಣವೆಂದರೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್. ಕಣ್ಣಳತೆಯಲ್ಲಿ ಉತ್ತರ ಬರೆದವರನ್ನು ಪ್ರಯೋಗಾಲಯದಿಂದ ಹೊರಗೆ ಕಳಿಸಿದ್ದೂ ಉಂಟು. ಅಂಥವನು ನಿವೃತ್ತಿಯ ಮೂರನೆಯ ವರ್ಷದಲ್ಲಿ, ಅಳತೆ ನೋಡದೆ ಇಟಲಿಯಿಂದ ತರಿಸಿದ ಪಿಸ್ಟನ್ ರಿಂಗುಗಳನ್ನು ಮರಳಿ ಕಳಿಸಲು ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಹಳೆಯ ವಿದ್ಯಾರ್ಥಿಗಳು ಯಾರೂ ಆ ಸಾಲಿನಲ್ಲಿ ಇರಲಿಲ್ಲವೆಂಬುದಷ್ಟೇ ಸಮಾಧಾನ.

ನಮ್ಮ ಪ್ರೀಮಿಯರ್ ಪದ್ಮಿನಿ ಕಾರನ್ನು ತಂದೆಯವರು 1979ರಲ್ಲಿ ಕೊಂಡಿದ್ದರು. ಈಚೆಗೆ ಅದು ಪೆಟ್ರೋಲಿನ ಜೊತೆಗೆ ಇಂಜಿನ್ ಆಯಿಲನ್ನೂ ಕುಡಿಯುವ ಚಟಕ್ಕೆ ಬಿದ್ದಿತ್ತು. ನವಲೂರಿನ ಏರು ಹತ್ತುವಾಗ ಹಿಂದಿನಿಂದ ಏಳುತ್ತಿದ್ದ ನೀಲಿ ಹೊಗೆಗೆ, ಪಕ್ಕದ ದಾರಿಯಲ್ಲಿ ಸಾಗುವ ಎ.ಸಿ. ಚಿಗರಿ ಬಸ್ಸಿನಲ್ಲಿ ಗಾಜು ಮುಚ್ಚಿ ಕುಳಿತವರೂ ಮೂಗು ಹಿಡಿದುಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಮಿಸ್ತ್ರಿ ಇಂಜಿನ್ ಬಿಚ್ಚಿ ನೋಡಿ, "ರಿಂಗ್ ಸವದಾವ್ರಿ ಸರ. ಮುಂಬೈಕ ಫೋನ್ ಹಚ್ಚತೇನಿ, ಎಂಟ ದಿನದಾಗ ಬರತಾವ" ಎಂದರು. ರಿಂಗೆಂದರೆ ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ನಿಗೆ ತೊಡಿಸುವ ಲೋಹದ ಬಳೆ; ಅದು ಸವೆದರೆ ಆಯಿಲು ಮೇಲೇರಿ ಉರಿದು ಹೊಗೆಯಾಗುತ್ತದೆ. ಅಲ್ಲಿಗೆ ವಿಷಯ ಮುಗಿಯಬೇಕಿತ್ತು.

ಆದರೆ ನನ್ನ ತಲೆಯಲ್ಲಿ ಬೇರೆ ವಿಚಾರವಿತ್ತು. ನಮ್ಮ ಗಾಡಿ ಹುಟ್ಟಿದ್ದು ಮುಂಬೈಯಲ್ಲಾದರೂ ಅದರ ವಂಶ ಇಟಲಿಯ ಫಿಯಟ್ಟಿನದು. ಬಾಣಂತಿಗೆ ತವರಿನಿಂದ ಅಂಟಿನುಂಡಿ ಬರುವಂತೆ, ಮುಪ್ಪಿನ ಈ ಗಾಡಿಗೂ ತವರಿನ ರಿಂಗು ತೊಡಿಸಬೇಕೆಂಬ ಆಸೆ ಹುಟ್ಟಿತು. ರಾತ್ರಿ ಹನ್ನೊಂದರ ಮೇಲೆ ಮೊಬೈಲು ಹಿಡಿದು ಕುಳಿತವರಿಗೆ ಇಂಥ ಆಸೆಗಳು ಹೆಚ್ಚು. ಇಟಲಿಯ ಒಬ್ಬ ಮಾರಾಟಗಾರನ ಬಳಿ "ಫಿಯಟ್ 1100 ಡಿ" ಇಂಜಿನ್ನಿನ ರಿಂಗುಗಳ ಸೆಟ್ಟು ಸಿಕ್ಕಿತು. ಪದ್ಮಿನಿಯೆಂಬ ಹೆಸರು ಬರುವ ಮುಂಚೆ, 1964ರಲ್ಲಿ, ಈ ಗಾಡಿ ನಮ್ಮ ದೇಶದಲ್ಲಿ "1100 ಡಿಲೈಟ್" ಎಂಬ ಹೆಸರಿನಿಂದ ಬಂದಿತ್ತೆಂಬುದು ನನಗೆ ಗೊತ್ತಿತ್ತು. ಡಿ ಎಂದರೆ ಡಿಲೈಟ್ ಎಂದು ತೀರ್ಮಾನಿಸಿ, ನನ್ನ ಜ್ಞಾನಕ್ಕೆ ನಾನೇ ತಲೆದೂಗಿ, 46 ಯೂರೋ ಬೆಲೆಯನ್ನೂ 28 ಯೂರೋ ಸಾಗಣೆಯನ್ನೂ ಕಟ್ಟಿಬಿಟ್ಟೆ. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ "72 ಮಿ.ಮೀ." ಎಂದಿತ್ತು. ಓದುವ ಕನ್ನಡಕ ಪಡಸಾಲೆಯಲ್ಲಿತ್ತು.

ಐದು ವಾರಗಳ ಮೇಲೆ, ಕಸ್ಟಮ್ಸ್ ಸುಂಕವನ್ನು ಎಣಿಸಿಕೊಂಡ ಬಳಿಕ ಪೋಸ್ಟ್‌ಮ್ಯಾನ್ ಪೊಟ್ಟಣವನ್ನು ಕೈಗಿಟ್ಟರು. ಅದನ್ನು ಹರಿದು, ರಿಂಗುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಗೋಕುಲ ರಸ್ತೆಗೆ ಧಾವಿಸಿದೆ. ಮಿಸ್ತ್ರಿ ಒಂದು ರಿಂಗನ್ನು ಬೆರಳಿನಿಂದ ಅದುಮಿ ಸಿಲಿಂಡರಿನ ಬಾಯಿಗೆ ಹಿಡಿದರು. ಅದರ ಎರಡು ತುದಿಗಳು ಕೂಡಿ, ಒಂದರ ಮೇಲೊಂದು ಏರಿದರೂ ರಿಂಗು ಒಳಗೆ ಇಳಿಯಲೊಲ್ಲದು. "ಇವು ನಮ್ಮ ಗಾಡಿದ್ದಲ್ರಿ ಸರ" ಎಂದವರೇ ಅಂಗಿಯ ಕಿಸೆಯಿಂದ, ಮಸಿಬಟ್ಟೆಯಲ್ಲಿ ಸುತ್ತಿದ್ದ ವರ್ನಿಯರ್ ತೆಗೆದರು. ಸಿಲಿಂಡರಿನ ವ್ಯಾಸ 68.6 ಮಿ.ಮೀ. ಬಂತು.

ಅನಂತರ ಓದಿ ತಿಳಿದದ್ದಿಷ್ಟು. ಇಟಲಿಯಲ್ಲಿ 1962ರಲ್ಲಿ ಬಂದ 1100 ಡಿ ಗಾಡಿ ಹೆಸರಿನಲ್ಲಿ ಮಾತ್ರ 1100. ಅದರ ಹೊಟ್ಟೆಯಲ್ಲಿದ್ದದ್ದು 1221 ಸಿ.ಸಿ. ಇಂಜಿನ್. ನಮ್ಮದು 1089 ಸಿ.ಸಿ. ಎರಡರಲ್ಲೂ ಪಿಸ್ಟನ್ನಿನ ಓಟ 75 ಮಿ.ಮೀ. ಆದರೂ ಅವರ ಸಿಲಿಂಡರಿನ ವ್ಯಾಸ 72, ನಮ್ಮದು 68. ಇದರ ಮೇಲೆ, ತಂದೆಯವರ ಕಾಲದಲ್ಲೇ ಒಮ್ಮೆ ಬೋರ್ ಮಾಡಿಸಿ ಸಿಲಿಂಡರನ್ನು 0.6 ಮಿ.ಮೀ. ಹಿಗ್ಗಿಸಲಾಗಿತ್ತು. ಅಂದರೆ ಸರಿಯಾದ ಇಂಜಿನ್ನಿನ ಮೂಲ ಅಳತೆಯ ರಿಂಗನ್ನೇ ತರಿಸಿದ್ದರೂ ಅದು ತಪ್ಪೇ ಆಗುತ್ತಿತ್ತು. ಒಂದೇ ಖರೀದಿಯಲ್ಲಿ ಎರಡು ತಪ್ಪು ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲ.

ಮೇಷ್ಟ್ರ ಬುದ್ಧಿ ಅಷ್ಟಕ್ಕೆ ಸುಮ್ಮನಿರಲಿಲ್ಲ. ವ್ಯಾಸದಲ್ಲಿ 3.4 ಮಿ.ಮೀ. ಹೆಚ್ಚೆಂದರೆ ಪರಿಧಿಯಲ್ಲಿ ಸುಮಾರು 10.7 ಮಿ.ಮೀ. ಹೆಚ್ಚು, ಅಷ್ಟನ್ನು ತುದಿಯಲ್ಲಿ ಕತ್ತರಿಸಿದರೆ ಸರಿಹೋಗಬೇಕಲ್ಲವೇ ಎಂದು, ಬೆಂಚಿನ ಮೇಲಿನ ಧೂಳಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಮಿಸ್ತ್ರಿ ಲೆಕ್ಕವನ್ನು ತಾಳ್ಮೆಯಿಂದ ನೋಡಿದರು. ತುದಿಗಳ ಸಂದು ಹೊಂದಿಸಲು ಕೂದಲೆಳೆಯಷ್ಟು ಅರ ಹಾಕುವುದುಂಟು, ಆದರೆ ದೊಡ್ಡ ವೃತ್ತದ ಬಾಗನ್ನು ಸಣ್ಣದರಲ್ಲಿ ತುರುಕಿದರೆ ರಿಂಗು ಸಿಲಿಂಡರಿನ ಗೋಡೆಗೆ ಸುತ್ತಲೂ ಸಮನಾಗಿ ಒತ್ತುವುದಿಲ್ಲ, ಹೊಗೆ ಈಗಿನದಕ್ಕಿಂತ ಹೆಚ್ಚಾದೀತು ಎಂದು ವಿವರಿಸಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಸರ, ನೀವು ಕಾಲೇಜಿನ್ಯಾಗ ಯಾವ ಸಬ್ಜೆಕ್ಟ್ ಕಲಸ್ತಿದ್ರಿ?" ಎಂದು ಕೇಳಿದರು. ಫೋನು ಬಂದವನಂತೆ ನಟಿಸಿ ಹೊರಗೆ ನಡೆದೆ.

ಮಾರಾಟಗಾರನದೇನೂ ತಪ್ಪಿರಲಿಲ್ಲ, ಅವನು ವಿನಯದಿಂದಲೇ ಉತ್ತರಿಸಿದ. ಸಾಮಾನು ಕೈಸೇರಿದ 14 ದಿನಗಳೊಳಗೆ ಮರಳಿ ರವಾನಿಸಬೇಕು, ಅಂಚೆ ವೆಚ್ಚ ನನ್ನದು, ಗಟ್ಟಿಯಾದ ಡಬ್ಬಿಯಲ್ಲಿರಬೇಕು. ಅವನು ಕಳಿಸಿದ್ದ ಡಬ್ಬಿ ಅಷ್ಟರಲ್ಲಿ ರದ್ದಿಯವನ ಪಾಲಾಗಿತ್ತು. ಮನೆಯಲ್ಲಿ ಆ ಅಳತೆಗೆ ಹೊಂದುವಂಥದ್ದು ಅರ್ಧ ಕಿಲೋ ಧಾರವಾಡ ಪೇಢೆಯ ಖಾಲಿ ಡಬ್ಬಿಯೊಂದೇ. "ಈ ಸಲ ಅಳತಿ ಸರಿ ಐತ್ರಿ?" ಎಂದು ನನ್ನಾಕೆ ಕೇಳಿದ್ದು ಡಬ್ಬಿಯ ಕುರಿತಾಗಿತ್ತೆಂದೇ ನಾನು ಭಾವಿಸಿದ್ದೇನೆ.

ಅಂಚೆ ಕಚೇರಿಯ ಗುಮಾಸ್ತರು ಡಬ್ಬಿಯ ಮೇಲಿನ ಚಿತ್ರ ನೋಡಿ, "ಫೇಡಾ ಇಟಲಿಗೆ ಹೊಂಟಾವೇನ್ರಿ ಸರ?" ಎಂದು ಕೈಯಲ್ಲಿ ಅಲ್ಲಾಡಿಸಿದರು. ಒಳಗಿನಿಂದ ಖಣಖಣ ಸದ್ದು ಬಂತು. "ಭಾಳ ಗಟ್ಟಿ ಆಗ್ಯಾವ್ರಿ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಬ್ಬಿ ಬಿಚ್ಚಿ ತೋರಿಸಿ, ಸಿ.ಎನ್. 22 ಎಂಬ ಕಸ್ಟಮ್ಸ್ ಚೀಟಿಯಲ್ಲಿ ಒಳಗಿರುವುದೇನು, ತೂಕವೆಷ್ಟು, ಬೆಲೆಯೆಷ್ಟು ಎಂದೆಲ್ಲ ತುಂಬಿ, ಪೆಟ್ರೋಲ್ ಇಂಜಿನ್ನಿನ ಬಿಡಿಭಾಗಗಳಿಗೆ ಸಲ್ಲುವ 840991 ಎಂಬ ಸಂಖ್ಯೆಯನ್ನೂ ಬರೆದೆ. ಮಾರಿದವನಿಗೇ ಹಿಂದಿರುಗುವ ಸಾಮಾನೆಂದು ಸ್ಪಷ್ಟವಾಗಿ ನಮೂದಿಸಬೇಕು, ಇಲ್ಲವಾದರೆ ತನ್ನದೇ ಸಾಮಾನಿಗೆ ಅವನು ಅಲ್ಲಿ ಸುಂಕ ತೆತ್ತಾನು ಎಂದು ಗುಮಾಸ್ತರೇ ಎಚ್ಚರಿಸಿ, ಡಬ್ಬಿಗೆ ಕಂದು ಕಾಗದ ಸುತ್ತಿಸಿ, ರಸೀದಿ ಕೊಟ್ಟರು. ಅದರಲ್ಲಿದ್ದ ಹದಿಮೂರು ಅಕ್ಷರಾಂಕಗಳನ್ನು ಮುಂದಿನ ಮೂರು ವಾರ ದಿನಕ್ಕೆರಡು ಸಲ ಮೊಬೈಲಿನಲ್ಲಿ ಒತ್ತಿದೆ. ಸಂಧ್ಯಾವಂದನೆಯಲ್ಲೂ ನನಗೆ ಅಷ್ಟು ನಿಷ್ಠೆ ಇರಲಿಲ್ಲ.

ನಾನು ಇಲ್ಲಿ ಕಟ್ಟಿದ ಸುಂಕದ ಮಾತೇನು? ಸಂಜೆಯ ವಾಕಿಂಗಿನ ಗೆಳೆಯರೊಬ್ಬರು, 1962ರ ಕಸ್ಟಮ್ಸ್ ಕಾಯಿದೆಯ 74ನೆಯ ಕಲಮಿನ ಪ್ರಕಾರ, ಬಳಸದೆ ಮರಳಿ ರಫ್ತು ಮಾಡಿದ ಸಾಮಾನಿಗೆ ಕಟ್ಟಿದ ಸುಂಕದಲ್ಲಿ ಶೇ. 98ರವರೆಗೆ ಹಿಂದೆ ಸಿಗುತ್ತದೆಂದು ಹೇಳಿ ನನ್ನಲ್ಲಿ ಜೀವ ತುಂಬಿದರು. ಆದರೆ ಹೊರಗೆ ಹೋಗುವ ಸಾಮಾನು ಒಳಗೆ ಬಂದದ್ದೇ ಎಂದು ಕಸ್ಟಮ್ಸ್ ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು ಎಂದೂ ಸೇರಿಸಿದರು. ಅವರು ಇದನ್ನು ಹೇಳಿದ ದಿನ ನನ್ನ ರಿಂಗುಗಳು ಅರಬ್ಬೀ ಸಮುದ್ರ ದಾಟಿದ್ದವು.

ಇಟಲಿಯವನು 46 ಯೂರೋವನ್ನು ಪ್ರಾಮಾಣಿಕವಾಗಿ ಮರಳಿಸಿದ. ರಿಂಗುಗಳೆಲ್ಲ ಸುಸ್ಥಿತಿಯಲ್ಲಿ ತಲುಪಿವೆ, ಆದರೆ ಡಬ್ಬಿಯ ಮೇಲಿನ ಚಿತ್ರದಲ್ಲಿರುವ ಕಂದು ಬಣ್ಣದ ಭಾಗಗಳು ಒಳಗಿರಲಿಲ್ಲ, ಅವು ಯಾವ ಇಂಜಿನ್ನಿನವು ಎಂದು ವಿಚಾರಿಸಿದ್ದ.

ಮುಂಬೈಯ ರಿಂಗುಗಳು ಆರೇ ದಿನಗಳಲ್ಲಿ ಬಂದವು. ತೊಡಿಸುವ ಮುನ್ನ ಮಿಸ್ತ್ರಿ ವರ್ನಿಯರನ್ನು ನನ್ನ ಕೈಗಿತ್ತು, "ಈ ಸಲ ನೀವ ಅಳೀರಿ ಸರ" ಎಂದರು. ಕನ್ನಡಕ ಹಾಕಿಕೊಂಡು, ಶೂನ್ಯ ದೋಷವನ್ನೂ ಪರೀಕ್ಷಿಸಿ, "68.6" ಎಂದು ತರಗತಿಯ ದನಿಯಲ್ಲಿ ಸಾರಿದೆ. "ಬರೋಬ್ಬರಿ ಐತ್ರಿ" ಎಂದು ಅವರು ತುಂಬು ಗೌರವದಿಂದ ತಲೆಯಾಡಿಸಿದರು. ಅಷ್ಟರಲ್ಲಿ ಚಹಾ ಬಂತು. ಲೋಟ ತೆಗೆದುಕೊಳ್ಳಲು ನಾನು ಆಚೆ ತಿರುಗಿದಾಗ, ಎದುರಿನ ಸ್ಕೂಟರಿನ ಕನ್ನಡಿಯಲ್ಲಿ ಅವರು ಮತ್ತೊಮ್ಮೆ ಅಳೆಯುತ್ತಿರುವುದು ಕಾಣಿಸಿತು.