ಸ್ಟೆನ್ಸಿಲ್ ಕಟ್ ಮಾಡಿದವರ ಲೆಕ್ಕ ಯಾರು ಇಡುತ್ತಾರೆ?

ಆರ್ಥರ್ ಸಿ. ಕ್ಲಾರ್ಕ್ ಹೆಸರು ಸೈನ್ಸ್ ಫಿಕ್ಷನ್ ಓದದವರಿಗೂ ಗೊತ್ತು. ಜೆ. ಮೈಕಲ್ ರೋಸೆನ್‌ಬ್ಲಮ್ ಹೆಸರು ಓದುವವರಿಗೂ ಗೊತ್ತಿರುವುದಿಲ್ಲ. ಇಬ್ಬರೂ ಒಂದೇ ಕಾಲದ, ಒಂದೇ ಹುಚ್ಚಿನ ಜನ. 1937ರ ಜನವರಿ 3ರಂದು ಲೀಡ್ಸ್‌ನ ಥಿಯೊಸಾಫಿಕಲ್ ಹಾಲ್‌ನಲ್ಲಿ ಬ್ರಿಟನ್ನಿನ ಅಭಿಮಾನಿಗಳು ಬೆರಳೆಣಿಕೆಯಷ್ಟು ಮಂದಿ ಸೇರಿ ಸೈನ್ಸ್ ಫಿಕ್ಷನ್ ಅಸೋಸಿಯೇಷನ್ ಕಟ್ಟಿದರು. ಕ್ಲಾರ್ಕ್, ಸಂಪಾದಕರಾಗಿ ಹೆಸರಾದ ಟೆಡ್ ಕಾರ್ನೆಲ್ ಮತ್ತು ವಾಲ್ಟರ್ ಗಿಲ್ಲಿಂಗ್ಸ್, ಕಥೆಗಾರ ಎರಿಕ್ ಫ್ರಾಂಕ್ ರಸೆಲ್ ಎಲ್ಲ ಅಲ್ಲಿದ್ದರು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಸಂಘಕ್ಕೆ ಬೀಗ ಬಿತ್ತು. ಹುಡುಗರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು. ಅಮೆರಿಕದ ಪಲ್ಪ್ ಪತ್ರಿಕೆಗಳು (ಅಗ್ಗದ ಕಾಗದದ ಕಥಾಪತ್ರಿಕೆಗಳು) ಅಂಗಡಿಗೆ ಬರುವುದೂ ನಿಂತಿತು.

ಲೀಡ್ಸ್‌ನ ರೋಸೆನ್‌ಬ್ಲಮ್ 'ಫ್ಯೂಚರಿಯನ್ ವಾರ್ ಡೈಜೆಸ್ಟ್' ಎಂಬ ಅಭಿಮಾನಿ ಪತ್ರಿಕೆ ಶುರು ಮಾಡಿದ್ದು ಆಗ, 1940ರ ಅಕ್ಟೋಬರ್‌ನಲ್ಲಿ. ಓದುಗರು ಪ್ರೀತಿಯಿಂದ ಕರೆದದ್ದು 'ಫೈಡೋ' ಅಂತ. ನಮ್ಮಲ್ಲಿ ನಾಯಿಗೆ ಟಾಮಿ ಅನ್ನುತ್ತೇವಲ್ಲ, ಆ ಥರದ ಹೆಸರು. ರೋಸೆನ್‌ಬ್ಲಮ್ ಮನಸ್ಸಾಕ್ಷಿಯ ಕಾರಣ ಕೊಟ್ಟು ಆಯುಧ ಹಿಡಿಯಲು ಒಪ್ಪದವರು. ಸೈನ್ಯದ ಬದಲು ಪಾಲಿಗೆ ಬಂದದ್ದು ಹೊಲದ ಕೆಲಸ. ಅದರ ನಡುವೆ 1945ರ ಮಾರ್ಚ್‌ವರೆಗೆ 39 ಸಂಚಿಕೆ ಹೊರತಂದರು.

'ಏನೋ ಸೈಕ್ಲೋಸ್ಟೈಲ್ ಪತ್ರಿಕೆಯಂತೆ' ಎಂದು ಮೂಗು ಮುರಿಯುವವರು ಆ ಕೆಲಸದ ಲೆಕ್ಕ ಒಮ್ಮೆ ನೋಡಬೇಕು. ಹತ್ತು ಪುಟದ ಪತ್ರಿಕೆಯ ನೂರು ಪ್ರತಿ ಬೇಕೆಂದರೆ ಹತ್ತು ಸ್ಟೆನ್ಸಿಲ್ (ಇಂಕು ಹಾಯಲು ಅಕ್ಷರ ಕೊರೆದ ಮೇಣದ ಹಾಳೆ), ಎರಡೂ ಬದಿ ಅಚ್ಚಿಗೆ ಐನೂರು ಹಾಳೆ, ಯಂತ್ರದ ಹ್ಯಾಂಡಲ್ಲಿಗೆ ಸಾವಿರ ಸುತ್ತು. ಕೆಟ್ಟುಹೋಗುವ ಹಾಳೆ ಬೇರೆ. ಅಂದಿನ ಇಂಗ್ಲಿಷ್ ರೀಮಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು 480 ಹಾಳೆ. ಕಾಗದವೇ ರೇಷನ್ ಆಗಿದ್ದ ಕಾಲದಲ್ಲಿ ಆ ಇಪ್ಪತ್ತು ಹಾಳೆಯ ಕೊರತೆಯೂ ತಲೆನೋವೇ.

ಸ್ಟೆನ್ಸಿಲ್ ಕಟ್ ಮಾಡುವುದು ಇನ್ನೊಂದು ಫಜೀತಿ. ಟೈಪ್‌ರೈಟರಿನ ರಿಬ್ಬನ್ನನ್ನು ಪಕ್ಕಕ್ಕೆ ಸರಿಸಿ, ಅಚ್ಚಿನ ಮೊಳೆ ನೇರ ಮೇಣದ ಹಾಳೆಗೆ ಬಡಿಯುವಂತೆ ಮಾಡಬೇಕು. ಬಡಿತ ಜೋರಾದರೆ ಇಂಗ್ಲಿಷಿನ 'ಒ' ಅಕ್ಷರದ ಹೊಟ್ಟೆಯೇ ಕಳಚಿಬಿದ್ದು ಅಚ್ಚಿನಲ್ಲಿ ಕರಿ ಬೊಟ್ಟು ಮೂಡುತ್ತದೆ. ಪೂರ್ಣವಿರಾಮ ತೂತು ಹೊಡೆಯುತ್ತದೆ. ಮೆಲ್ಲಗಾದರೆ ಮೇಣ ಸರಿಯುವುದೇ ಇಲ್ಲ, ಅಕ್ಷರ ಮಾಸಲು. ಮೊಳೆಗಳಿಗೆ ಮೇಣ ಮೆತ್ತಿಕೊಳ್ಳುವುದರಿಂದ ಆಗಾಗ ಬ್ರಷ್ ಹಾಕಿ ಉಜ್ಜಬೇಕು. ತಪ್ಪಾದರೆ ಸ್ಟೆನ್ಸಿಲ್ಲಿಗೂ ಹಿಂದಿನ ಹಾಳೆಗೂ ನಡುವೆ ಪೆನ್ಸಿಲ್ ತೂರಿಸಿ ಎತ್ತಿಹಿಡಿದು, ಕರೆಕ್ಷನ್ ಫ್ಲೂಯಿಡ್ ತೆಳ್ಳಗೆ ಸವರಿ, ಒಣಗಿದ ಮೇಲೆ ಮತ್ತೆ ಬಡಿಯಬೇಕು. ಪೆನ್ಸಿಲ್ ಮರೆತರೆ ಎರಡೂ ಅಂಟಿಕೊಂಡು ಪುಟವಿಡೀ ಹೋಯಿತು ಅಂತಲೇ ಅರ್ಥ. ನಮ್ಮ ಹಳೆಯ ಶಾಲಾಕಾಲೇಜುಗಳಲ್ಲಿ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ ತೆಗೆದ ಗುಮಾಸ್ತರಿಗೆ ಇದೆಲ್ಲ ಬಾಯಿಪಾಠ.

ಇಂಕಿನದು ಮತ್ತೊಂದು ಕಥೆ. ಡ್ಯೂಪ್ಲಿಕೇಟರಿನ, ಅಂದರೆ ಸೈಕ್ಲೋಸ್ಟೈಲ್ ಯಂತ್ರದ, ಎಣ್ಣೆ ಇಂಕು ಗಾಳಿಗೆ ಆರುವುದಲ್ಲ, ಕಾಗದದೊಳಗೆ ಇಂಗುವುದು. ಅದಕ್ಕೆ ಹೀರುವ ಗುಣದ ಒರಟು ಕಾಗದವೇ ಆಗಬೇಕು. ಅದು ಸಿಗದೆ ನಯವಾದ ಕಾಗದ ಹಾಕಿದರೆ ಒಂದು ಹಾಳೆಯ ಅಕ್ಷರ ಮುಂದಿನ ಹಾಳೆಯ ಬೆನ್ನಿಗೆ ಮೆತ್ತುತ್ತದೆ. ತಪ್ಪಿಸಲು ಪ್ರತಿ ಹಾಳೆಯ ಮೇಲೂ ಒಂದೊಂದು ರದ್ದಿ ಹಾಳೆ ಬೀಳಿಸುತ್ತ ಹೋಗಬೇಕು, ಕೆಲಸದ ಹೊತ್ತು ದುಪ್ಪಟ್ಟು. ತೀರಾ ತೆಳು ಕಾಗದವಾದರೆ ಆಚೆ ಬದಿಯ ಅಕ್ಷರ ಈಚೆ ಕಾಣುತ್ತದೆ. ಚಳಿಗೆ ಇಂಕು ಗಟ್ಟಿಯಾಗಿ ಮೊದಲ ಪ್ರತಿಗಳು ಬೆಳ್ಳಗೆ. ಕಾಗದಕ್ಕೆ ತೇವ ತಗುಲಿದ್ದರೆ ಹಾಳೆಗಳು ಜೋಡಿಯಾಗಿ ಒಳಗೆ ಹೋಗುತ್ತವೆ.

ಇಷ್ಟಾದರೂ ಯಂತ್ರದ ಕೆಲಸವೇ ಸುಲಭದ್ದು ಅನ್ನುತ್ತೇನೆ. ಕಷ್ಟ ಇದ್ದದ್ದು ವಿಳಾಸದ ಪಟ್ಟಿಯಲ್ಲಿ. ಇವತ್ತು ಒಂದು ಶಿಬಿರದಲ್ಲಿರುವ ಹುಡುಗ ಬರುವ ತಿಂಗಳು ಇನ್ನೆಲ್ಲೋ. ಪಟ್ಟಿ ಹಳತಾದರೆ ಅಚ್ಚು ಎಷ್ಟು ಚೆನ್ನಾಗಿದ್ದು ಏನು ಬಂತು? ಯಾರು ಎಲ್ಲಿದ್ದಾರೆ, ಏನು ಓದುತ್ತಿದ್ದಾರೆ ಅನ್ನುವ ಚೂರುಪಾರು ಸುದ್ದಿಯೇ ಫೈಡೋದ ಜೀವ. ಅದರ ಜೊತೆ ಬೇರೆಯವರ ಪುಟ್ಟ ಪತ್ರಿಕೆಗಳನ್ನೂ ಸೇರಿಸಿ ಕಳಿಸುವ ಪದ್ಧತಿ ಬೆಳೆಯಿತು. ತಾನೇ ಟಪಾಲು ಖರ್ಚು ಹೊರಲಾಗದ, ಎರಡೇ ಹಾಳೆಯ ಪತ್ರಿಕೆಯೂ ಹಾಗೆ ಓದುಗನ ಮನೆ ತಲುಪುತ್ತಿತ್ತು. ನನ್ನ ಮಟ್ಟಿಗೆ ಇದು ಇಡೀ ಸಾಹಸದ ಅತಿ ಜಾಣ ನಡೆ.

1942ರಲ್ಲಿ ಬ್ರಿಟಿಷ್ ಫ್ಯಾಂಟಸಿ ಸೊಸೈಟಿ ಎಂಬ ಅಭಿಮಾನಿ ಸಂಘ ಹುಟ್ಟಿದಾಗ (ಈಗಿನದು ಬೇರೆ, ಅದು 1971ರದ್ದು) ಸದಸ್ಯರನ್ನು ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ, ಫೈಡೋ ಅವರನ್ನು ಒಟ್ಟಿಗೆ ಹಿಡಿದಿಟ್ಟಿತ್ತು. ಬ್ರಿಟಿಷ್ ಸೈನ್ಸ್ ಫಿಕ್ಷನ್ನಿನ ಚರಿತ್ರೆ ಬರೆಯುವವರು ಯುದ್ಧದ ವರ್ಷಗಳನ್ನು 'ಆಗ ಏನೂ ನಡೆಯಲಿಲ್ಲ' ಎಂದು ಹಾರಿಸಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಕಾದಂಬರಿಗಳನ್ನಷ್ಟೇ ಎಣಿಸಿದರೆ ಈ 39 ಸಂಚಿಕೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅಂದಹಾಗೆ, ಒಂಬತ್ತು ವರ್ಷ ಬಿಟ್ಟು 1954ರಲ್ಲಿ ರೋಸೆನ್‌ಬ್ಲಮ್ 'ನ್ಯೂ ಫ್ಯೂಚರಿಯನ್' ಅಂತ ಮತ್ತೆ ಪತ್ರಿಕೆ ಶುರು ಮಾಡಿದರು.