ವಯಸ್ಸು ಕೇಳಿದಿರಿ, ಬೀದಿ ಯಾವುದೆಂದು ಕೇಳಲಿಲ್ಲ

ಒಂದನೇ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೇ, ಐದೂವರೆ ಸಾಕೇ ಎಂದು ನಮ್ಮ ರಾಜ್ಯದ ಪೋಷಕರು ಎಷ್ಟು ಹೋರಾಡಿದರು ಎಂಬುದು ನೆನಪಿರಬಹುದು. ಕೊನೆಗೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಬೆಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿ ನಡೆಸುತ್ತಿರುವ ನನಗೆ ಆ ಗದ್ದಲವೆಲ್ಲ ವಿಚಿತ್ರವಾಗಿ ಕಂಡಿತು. ಏಳು ತಿಂಗಳ ಹೆಚ್ಚುಕಡಿಮೆಯನ್ನು ನಾನು ಹೇಗೋ ಸರಿದೂಗಿಸಬಲ್ಲೆ. ಮಗು ಬೆಳೆದು ಬಂದ ಬೀದಿಯ ಲೆಕ್ಕ ಸರಿದೂಗಿಸಲು ಮಾತ್ರ ಒಂದು ವರ್ಷ ಸಾಲುವುದಿಲ್ಲ.

ಒಬ್ಬ ಹುಡುಗನಿದ್ದ. ಏನು ಕೇಳಿದರೂ ಮೊದಲು "ಹಾಂ?" ಎನ್ನುತ್ತಿದ್ದ. "ಕಾಲು" ಎಂದು ಹೇಳಿಕೊಟ್ಟರೆ "ಹಾಲು" ಎನ್ನುತ್ತಿದ್ದ. ಕಿವಿ ಮಂದ ಇರಬೇಕು ಎಂದುಕೊಂಡು ಪರೀಕ್ಷೆ ಮಾಡಿಸಲು ಹೇಳಿದೆ. ಕಿವಿ ಚೆನ್ನಾಗಿಯೇ ಇತ್ತು. ಒಂದು ಸಂಜೆ ಅವರ ಮನೆಗೆ ಹೋದೆ. ಎದುರಿಗೇ ಗ್ರಾನೈಟ್ ಕೊಯ್ಯುವ ಅಂಗಡಿ. ಅವನ ತಾಯಿ ಏನೋ ಹೇಳುತ್ತಿದ್ದಾರೆ, ನನಗೆ ತುಟಿ ಆಡುವುದಷ್ಟೇ ಕಾಣುತ್ತಿದೆ. ಯಂತ್ರ ನಿಂತಾಗ ಅವರು ನಕ್ಕು, "ಇಲ್ಲಿ ನಾವು ಕೈಸನ್ನೆಯಲ್ಲೇ ಸಂಸಾರ ಮಾಡುತ್ತೇವೆ ಮಿಸ್" ಎಂದರು. ಹುಟ್ಟಿದಾಗಿನಿಂದ ಆ ಸದ್ದನ್ನು ಕಿವಿಗೆ ಹಾಕಿಕೊಳ್ಳದೆ ಬದುಕುವುದನ್ನು ಕಲಿತ ಮಗು, ಅದರ ಜೊತೆಗೆ ನಮ್ಮ ಮಾತನ್ನೂ ತಳ್ಳಿಹಾಕುವುದನ್ನು ಕಲಿತಿತ್ತು.

ಇದು ನನ್ನ ಊಹೆಯಷ್ಟೇ ಅಲ್ಲ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಹೆದ್ದಾರಿಯ ಮೇಲೆಯೇ ಕಟ್ಟಿದ 32 ಮಹಡಿಗಳ ವಸತಿ ಕಟ್ಟಡಗಳಿವೆ. ಮನಃಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಅಲ್ಲಿನ ಮಕ್ಕಳನ್ನು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ವಾಹನಗಳ ಸದ್ದಿಗೆ ಹತ್ತಿರವಿರುವ ಕೆಳಗಿನ ಮಹಡಿಗಳ ಮಕ್ಕಳು, ಮೇಲಿನ ಮಹಡಿಗಳವರಿಗಿಂತ, ಒಂದೇ ಥರ ಕೇಳಿಸುವ ಪದಗಳನ್ನು ಬೇರೆ ಮಾಡಿ ಗುರುತಿಸುವುದರಲ್ಲಿ ಹಿಂದಿದ್ದರು. ಓದಿನಲ್ಲಿಯೂ ಹಿಂದಿದ್ದರು. ಅದೇ ಕಟ್ಟಡ, ಅದೇ ವಿಳಾಸ, ಮಹಡಿ ಮಾತ್ರ ಬೇರೆ.

ನಮ್ಮ ಸ್ಟಾಫ್ ರೂಮಿನಲ್ಲಿ ಇಂಥ ಮಗುವಿನ ಬಗ್ಗೆ ಬರುವ ಮೊದಲ ಮಾತು ಯಾವುದು ಗೊತ್ತೇ? "ಮನೆಯಲ್ಲಿ ಏನೂ ಹೇಳಿಕೊಡುವುದಿಲ್ಲ." ನಾನೂ ವರ್ಷಗಟ್ಟಲೆ ಇದನ್ನೇ ಹೇಳಿದವಳು. ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗಿ ಕತ್ತಲಾದ ಮೇಲೆ ಬರುವ ಹೆಂಗಸು, ಅದರ ನಡುವೆ ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲಿನಲ್ಲಿಡುವ ಹೆಂಗಸು, ಇನ್ನೆಷ್ಟು ಹೇಳಿಕೊಡಬೇಕು?

ಶಾಲೆಯ ಹಿಂದಿನ ಓಣಿಯ ಕಥೆಯೇ ಬೇರೆ. ಅಲ್ಲಿಯೂ ಬಡವರೇ ಇರುವುದು. ಆದರೆ ಓಣಿಗೆ ಮುಂದೆ ದಾರಿಯಿಲ್ಲ, ವಾಹನ ನುಗ್ಗುವುದಿಲ್ಲ. ಕೊನೆಯಲ್ಲೊಂದು ಅರಳಿಕಟ್ಟೆ. ಅಜ್ಜಿಯಂದಿರು ಅಲ್ಲಿ ಹುಣಸೆಬೀಜ ಹಾಕಿ ಚೌಕಾಬಾರ ಆಡುತ್ತಾರೆ, ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳು ಮನೆ ಎಣಿಸುತ್ತಾರೆ. ಆ ಓಣಿಯ ಮಕ್ಕಳು ಜೂನ್‌ನಲ್ಲಿ ಬರುವಾಗಲೇ ಸರದಿ ಎಂದರೇನು, ಸೋತರೆ ಅಳಬಾರದೇಕೆ, ಎಂಟರ ನಂತರ ಏನು ಎಂಬುದನ್ನೆಲ್ಲ ಬಲ್ಲರು. ನಲಿಕಲಿಯ ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಅವರು ಮೊದಲ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತುವುದನ್ನು ನೋಡಿ ನಾನು ಒಳ್ಳೆಯ ಟೀಚರ್ ಎಂದು ಬೀಗಿದ್ದೂ ಉಂಟು.

ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳ ಮಕ್ಕಳು ಎಲ್ಲರಿಗಿಂತ ಹಿಂದಿರುತ್ತಾರೆ ಎಂದು ನೀವು ಭಾವಿಸಿದರೆ ಅದೂ ಪೂರ್ತಿ ನಿಜವಲ್ಲ. ಅವರಿಗೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ, ಆಗಾಗ ಜ್ವರ, ಭೇದಿ ಎಂದು ತಪ್ಪಿಸಿಕೊಳ್ಳುತ್ತಾರೆ. ಆದರೆ ಪಕ್ಕದ ಶೆಡ್‌ನವರ ತೆಲುಗು, ಮೇಸ್ತ್ರಿಯ ಹಿಂದಿ, ಮನೆಯ ಕನ್ನಡ ಮೂರನ್ನೂ ಆಡುತ್ತಾರೆ. ನನ್ನನ್ನು ಹೆಚ್ಚು ಹೆದರಿಸುವವರು ಲಾರಿ ಓಡಾಡುವ ರಸ್ತೆಯ ಮಕ್ಕಳು. ಹೊರಗೆ ಬಿಟ್ಟರೆ ಅಪಾಯವೆಂದು ಅವರನ್ನು ಮೊಬೈಲ್ ಕೊಟ್ಟು ಒಳಗಿಟ್ಟು ಬಾಗಿಲು ಹಾಕಿರುತ್ತಾರೆ. ಆರು ತುಂಬಿದ ಮಗುವಿಗೆ ಇನ್ನೊಂದು ಮಗುವಿನ ಪಕ್ಕ ಕೂರುವುದೇ ತಿಳಿದಿರುವುದಿಲ್ಲ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. ಇದೆ. 1975ರಲ್ಲಿ ಅಂಗನವಾಡಿಗಳನ್ನು ತಂದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭವಾದಾಗ ದೇಶದ ಮೊದಲ 33 ಬ್ಲಾಕ್‌ಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಎಷ್ಟು ಜನಸಂಖ್ಯೆಗೆ ಒಂದು ಅಂಗನವಾಡಿ ಎಂಬ ಲೆಕ್ಕವೂ ಇದೆ. ಮಗುವಿನ ಮನೆಗೂ ಅಂಗನವಾಡಿಗೂ ನಡುವೆ ಎಂಥ ರಸ್ತೆಯಿದೆ ಎಂಬುದು ಆ ಲೆಕ್ಕದಲ್ಲಿಲ್ಲ. ನಗರದಲ್ಲಿ ಅದು ಎಷ್ಟೋ ಕಡೆ ಬಾಡಿಗೆಯ ಒಂದೇ ಕೋಣೆ. ಅಂಗಳವಿಲ್ಲದ ಅಂಗನವಾಡಿ! ಶಾಲೆಗೆ ಸೇರಿದ ಮೇಲೆ ಮೂರು ತಿಂಗಳ ವಿದ್ಯಾಪ್ರವೇಶ ಎಂಬ ಸಿದ್ಧತಾ ಕಾರ್ಯಕ್ರಮವಿದೆ, ಒಳ್ಳೆಯದೇ. ಆದರೆ ಆ ಮೂರು ತಿಂಗಳೂ ಮಗು ಸಂಜೆಯಾದರೆ ಅದೇ ಗ್ರಾನೈಟ್ ಅಂಗಡಿಯೆದುರಿಗೇ ಮರಳುತ್ತದೆ. ಶಿಕ್ಷಣ ಇಲಾಖೆಯವರು ನನ್ನ ಕಲಿಕಾ ದಾಖಲೆ ನೋಡಲು ಬರುತ್ತಾರೆ. ಆ ಅಂಗಡಿಗೆ ಮನೆಗಳ ನಡುವೆ ಪರವಾನಗಿ ಕೊಟ್ಟವರು ಯಾರೆಂದು ಕೇಳಲು ಯಾರೂ ಬರುವುದಿಲ್ಲ.

ದಾಖಲಾತಿ ಅರ್ಜಿಯಲ್ಲಿ ಜನ್ಮದಿನಾಂಕ, ಜಾತಿ, ಆಧಾರ್ ಎಲ್ಲಕ್ಕೂ ಜಾಗವಿದೆ. ಮೂರು ವರ್ಷದಿಂದ ನಾನು ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಬೀದಿಯ ವಿವರ ಬರೆದುಕೊಳ್ಳುತ್ತಿದ್ದೇನೆ. ಯಾವ ತನಿಖಾಧಿಕಾರಿಯೂ ಇನ್ನೂ ಆ ಪುಟ ಕೇಳಿಲ್ಲ. ಆ ಹುಡುಗನನ್ನು ಮಾತ್ರ ನಾನು ಈಗ ಕಿಟಕಿಯಿಂದ ದೂರ, ನನ್ನ ಎದುರಿಗೇ ಕೂರಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳುತ್ತೇನೆ. ಮೊನ್ನೆ "ಕಾಲು" ಎಂದ. ಆಮೇಲೆ ಅನುಮಾನವಾಗಿ ಕಾಲನ್ನು ಮುಟ್ಟಿ ತೋರಿಸಿದ.