ಅರಳಿ ಮರದ ಲಿಂಗವೂ ನನ್ನ ಲ್ಯಾಟಿನ್ ಮೇಷ್ಟರೂ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಸಹಿಗಳನ್ನು ತಾಳೆ ನೋಡಿದವನಿಗೆ, ನಿವೃತ್ತಿಯಾದ ಮೇಲೂ ಎಲ್ಲಾದರೂ ಎರಡು ಅಕ್ಷರ ಹೊಂದದಿದ್ದರೆ ಕೈ ತಾನಾಗಿ ಕೆಂಪು ಪೆನ್ನನ್ನು ಹುಡುಕುತ್ತದೆ. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಶುರು ಮಾಡಿದ ಮೊದಲ ವಾರದಲ್ಲೇ ನನ್ನ ಕಣ್ಣು ಮರಗಳ ಲ್ಯಾಟಿನ್ ಹೆಸರಿನ ಫಲಕಗಳ ಮೇಲೆ ಬಿತ್ತು. ಶ್ರೀಗಂಧಕ್ಕೆ ‘ಸ್ಯಾಂಟಲಮ್ ಆಲ್ಬಮ್’ ಎಂದಿತ್ತು. ಎರಡು ಪದಗಳೂ ‘ಅಮ್’ ಎಂದೇ ಮುಗಿಯುತ್ತವೆ, ಲೆಕ್ಕ ಸರಿ. ಅರಳಿಗೆ ಮಾತ್ರ ‘ಫೈಕಸ್ ರಿಲಿಜಿಯೋಸಾ’ ಎಂದಿತ್ತು. ಒಂದು ‘ಅಸ್’, ಇನ್ನೊಂದು ‘ಆ’. ಅತ್ತಿಯ ಮರದ ‘ಫೈಕಸ್ ರೆಸಿಮೋಸಾ’ದಲ್ಲೂ ಇದೇ ತಕರಾರು. ಇಂಥ ಸಹಿಯ ಚೆಕ್ಕನ್ನು ನಾನು ನನ್ನ ಸರ್ವೀಸಿನಲ್ಲಿ ಒಂದು ದಿನವೂ ಪಾಸು ಮಾಡಿದವನಲ್ಲ.

ನಮ್ಮ ನಡಿಗೆಯ ಗುಂಪಿನಲ್ಲಿ ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರಿದ್ದಾರೆ. ಅವರ ಮುಂದೆ ದೂರು ಸಲ್ಲಿಸಿದೆ. “ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಸ್ವಾಮಿ, ನೀವು ಈಗ ತಿದ್ದೋಕೆ ಹೊರಟಿದ್ದೀರಾ?” ಎಂದು ನಕ್ಕರು. ಹೊಸ ಸಸ್ಯವೊಂದನ್ನು ಗುರುತಿಸಿದವರು 2011ರ ಕೊನೆಯವರೆಗೂ ಅದರ ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲೇ ಪ್ರಕಟಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿತ್ತು, 2012ರಿಂದ ಇಂಗ್ಲಿಷಿಗೂ ಅನುಮತಿ ಸಿಕ್ಕಿತು ಎಂದು ಅವರು ವಿವರಿಸಿದಾಗ, ಹಾಗಾದರೆ ತಮಗೆ ಲ್ಯಾಟಿನ್ ಬರುತ್ತದೆ ಎಂದಾಯಿತಲ್ಲ ಎಂದು ನಾನು ಕಣ್ಣರಳಿಸಿದೆ. “ಯಾರು ಹೇಳಿದ್ದು? ಹಳೇ ವರ್ಣನೆ ಒಂದನ್ನ ಮುಂದಿಟ್ಕೊಂಡು, ಅವರ ಎಲೆ ಇದ್ದ ಕಡೆ ನಮ್ಮ ಎಲೆ, ಅವರ ಹೂವಿದ್ದ ಕಡೆ ನಮ್ಮ ಹೂ ಹಾಕ್ತಿದ್ವಿ” ಎಂದರು. ಸಾಲದ ಅರ್ಜಿಗಳನ್ನು ಜನ ತುಂಬುವುದೂ ಹೀಗೆಯೇ ಆದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೆ ಲ್ಯಾಟಿನ್ ಕಲಿಯದೆ ಅರಳಿ ಮರದ ಕಡತ ಮುಚ್ಚುವುದಿಲ್ಲ ಎಂಬುದು ಆ ಕ್ಷಣಕ್ಕೆ ಖಚಿತವಾಯಿತು.

ಮನೆಪಾಠದ ಮೇಷ್ಟರನ್ನು ಒದಗಿಸುವ ಸಂಸ್ಥೆಯೊಂದಕ್ಕೆ ಫೋನು ಮಾಡಿದೆ. ಅತ್ತ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, “ಲ್ಯಾಟಿನ್ ಯಾವ ಸಿಲಬಸ್ ಸರ್, ಸಿಬಿಎಸ್‌ಇನಾ, ಐಸಿಎಸ್‌ಇನಾ?” ಎಂದು ಕೇಳಿದಳು. ಸಿಲಬಸ್ ಏನೂ ಇಲ್ಲ ಎಂದೆ. “ಮಗು ಯಾವ ಕ್ಲಾಸು ಸರ್?” ಎಂದಳು. ಮಗುವಿಗೆ ಅರವತ್ತಮೂರು ವರ್ಷ ಎಂದೆ. ಒಂದು ನಿಮಿಷ ಕೀಬೋರ್ಡಿನ ಸದ್ದು ಕೇಳಿಸಿತು. ಬಳಿಕ, ಹಿರಿಯ ನಾಗರಿಕರಿಗೂ ತಮ್ಮಲ್ಲಿ ಒಳ್ಳೆಯ ಟ್ರೈನರ್ ಇದ್ದಾರೆಂದೂ, ಭಾನುವಾರ ಹತ್ತು ಗಂಟೆಗೆ ಮನೆಗೇ ಬರುತ್ತಾರೆಂದೂ, ಮೊದಲ ತರಗತಿಗೆ ಹಣವಿಲ್ಲವೆಂದೂ ತಿಳಿಸಿದಳು. ‘ಟ್ರೈನರ್’ ಎಂಬ ಪದವನ್ನು ಗಮನಿಸದೆ ಹೋದದ್ದು ನನ್ನ ತಪ್ಪು.

ಭಾನುವಾರ ನಾನು ಪಂಚೆಯುಟ್ಟು, ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ ಶ್ರೀಕಾರ ಬರೆದು ಕಾದಿದ್ದೆ. ಮೇಷ್ಟರಿಗೆ ಕೊಡಲೆಂದು ನನ್ನ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು ಇಟ್ಟಿದ್ದಳು. ಬಂದವನು ಇಪ್ಪತ್ತೈದರ ಆಸುಪಾಸಿನ, ಬಿಗಿಯಾದ ಕಪ್ಪು ಅಂಗಿಯ ತರುಣ. ಬಗಲಲ್ಲಿ ಪುಸ್ತಕವಿರಲಿಲ್ಲ, ಒಂದು ಸ್ಪೀಕರ್ ಇತ್ತು. ಉಚ್ಚಾರಣೆಯ ಪಾಠವನ್ನು ಕೇಳಿಸುವುದಕ್ಕಿರಬೇಕು ಎಂದು ಮೆಚ್ಚಿಕೊಂಡೆ. “ಅಂಕಲ್, ಈ ಸೋಫಾ ಸ್ವಲ್ಪ ಸರಿಸ್ಬೋದಾ?” ಎಂದ. ಇಬ್ಬರೂ ಸೇರಿ ಸರಿಸಿದೆವು. ಟೀಪಾಯಿಯನ್ನೂ ಎತ್ತಿ ಆಚೆಯಿಟ್ಟೆವು. ಗುರುಕುಲ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತು ಹೇಳಿಕೊಡುತ್ತಾನೆಂದು ನಾನು ಚಾಪೆ ಹಾಸುವಷ್ಟರಲ್ಲಿ ಅವನು, “ಚಾಪೆ ಬೇಡ ಅಂಕಲ್, ಕಾಲು ಜಾರುತ್ತೆ. ಪಾರ್ಟ್‌ನರ್ ಆಂಟೀನಾ?” ಎಂದು ಅಡುಗೆಮನೆಯ ಕಡೆ ನೋಡಿದ. ಅಷ್ಟರಲ್ಲಿ ಸ್ಪೀಕರಿನಿಂದ ತಮಟೆಯಂಥ ತಾಳ ಶುರುವಾಗಿ ಅವನ ಸೊಂಟವೂ ಅದರೊಡನೆ ಹೊರಟಿತು. ಸಾಲ್ಸಾ, ರುಂಬಾ, ಚಾ ಚಾ ಚಾ ಮುಂತಾದ ನೃತ್ಯಗಳನ್ನು ಒಟ್ಟಾಗಿ ಲ್ಯಾಟಿನ್ ಎಂದೇ ಕರೆಯುತ್ತಾರೆಂಬ ಜ್ಞಾನ ನನಗೆ ಬಂದದ್ದು ಹೀಗೆ. ತಟ್ಟೆಯನ್ನು ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಎಲೆ ಅಡಿಕೆಯನ್ನು ವಾಪಸು ಒಳಗಿಟ್ಟು, ಬಾಳೆಹಣ್ಣನ್ನು ಮಾತ್ರ ಹುಡುಗನಿಗೆ ಕೊಟ್ಟು ಕಳಿಸಿದಳು.

ಈ ಸುದ್ದಿ ಲಾಲ್‌ಬಾಗ್ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ನಗು ಮುಗಿದ ಮೇಲೆ ಗುಂಪಿನ ವಕೀಲರು, ತಾವಿರುವಾಗ ಹೊರಗಿನವರೇಕೆ, ನಲವತ್ತು ವರ್ಷ ಲ್ಯಾಟಿನ್ನಿನಲ್ಲೇ ವಾದಿಸಿದ್ದೇನೆ ಎಂದು ಮುಂದೆ ಬಂದರು. ಎರಡು ದಿನದ ನಡಿಗೆಯಲ್ಲಿ ಪ್ರೈಮಾ ಫೇಸಿ, ಸಬ್ ಜುಡಿಸ್, ಬೋನಾ ಫೈಡಿ ಎಲ್ಲವೂ ಆದವು; ಮೂರನೆಯ ದಿನ ‘ಸೈನೀ ಡೈಯೀ’ ಎಂದು ಹೇಳಿ, ಅದರ ಅರ್ಥಕ್ಕೆ ತಕ್ಕಂತೆ ತರಗತಿಯನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ಅವರಿಗಿಂತ ಹೆಚ್ಚು ಲ್ಯಾಟಿನ್ ಬರುವುದು ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗನಿಗೆ. ಚೀಟಿಯಲ್ಲಿ ಡಾಕ್ಟರು ‘ಬಿ.ಡಿ.’ ಎಂದು ಬರೆದರೆ ‘ಬಿಸ್ ಇನ್ ಡೀಎ’, ಅಂದರೆ ದಿನಕ್ಕೆ ಎರಡು ಸಲ. ‘ಎಸ್‌ಒಎಸ್’ ಎಂದರೆ ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ. ನಮ್ಮ ಅತ್ತಿಗೆ ಮಾತ್ರ ಆ ಮೂರಕ್ಷರವನ್ನು ಮುಳುಗುವ ಹಡಗಿನ ಮೊರೆಯೆಂದೇ ತಿಳಿದು, ತಲೆನೋವಿನ ಮಾತ್ರೆಯ ಚೀಟಿಯನ್ನು ಹಿಡಿದುಕೊಂಡು ಒಂದು ರಾತ್ರಿಯಿಡೀ ಅತ್ತಿದ್ದರು. ಆ ಹುಡುಗ ಐದೇ ನಿಮಿಷದಲ್ಲಿ ಅವರ ಕಣ್ಣೀರು ಒರೆಸಿದ. ಆದರೆ ಪಾಠ ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಕೊನೆಗೆ ನನ್ನ ಮಗಳು ಅಂತರಜಾಲದಲ್ಲಿ ಹುಡುಕಿ ಇಂಗ್ಲೆಂಡಿನ ಒಬ್ಬ ಮೇಷ್ಟರನ್ನು ಗೊತ್ತು ಮಾಡಿಕೊಟ್ಟಳು. ಗಂಟೆಯ ಫೀಜನ್ನು ಪೌಂಡಿನಿಂದ ರೂಪಾಯಿಗೆ ಇಳಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವಾದರೂ, ಆತ ವಿದ್ವಾಂಸನೆಂಬುದರಲ್ಲಿ ಅನುಮಾನವಿಲ್ಲ. ನಾವು ಸಿಸೆರೋ ಎನ್ನುವವನನ್ನು ಪ್ರಾಚೀನ ರೋಮಿನವರಂತೆ ‘ಕಿಕೆರೋ’ ಎನ್ನಬೇಕು, ಸೀಸರನನ್ನು ‘ಕೈಸರ್’ ಎನ್ನಬೇಕು ಎಂದು ನನ್ನ ನಾಲಿಗೆಯನ್ನು ತಿದ್ದಿದ. ಲ್ಯಾಟಿನ್ನಿನಲ್ಲಿ ಹ್ರಸ್ವ ದೀರ್ಘಗಳಿಗೆ ಬಹಳ ಬೆಲೆಯಿದೆ. ‘ಪೊಪುಲುಸ್’ ಎಂದರೆ ಜನ, ‘ಪೋಪುಲುಸ್’ ಎಂದರೆ ಒಂದು ಜಾತಿಯ ಮರ. ‘ವೆನಿತ್’ ಎಂದರೆ ಬರುತ್ತಾನೆ, ‘ವೇನಿತ್’ ಎಂದರೆ ಬಂದ. ಇಂಗ್ಲಿಷಿನವರು ಇದಕ್ಕಾಗಿ ಅಕ್ಷರದ ನೆತ್ತಿಯ ಮೇಲೆ ಗೆರೆಯೆಳೆದು ಒದ್ದಾಡುತ್ತಾರೆ, ದೇವನಾಗರಿಯಲ್ಲಿ ಬರೆಯೋಣವೆಂದರೆ ಸಂಸ್ಕೃತಕ್ಕೆ ಹ್ರಸ್ವ ಎ, ಒಗಳೇ ಇಲ್ಲ; ನಾನು ನಮ್ಮ ಕನ್ನಡ ಅಕ್ಷರದಲ್ಲೇ ಒಂದು ತಪ್ಪಿಲ್ಲದೆ ಬರೆದುಕೊಂಡೆ. ಪ್ರಶ್ನೆ ಕೇಳಬೇಕಾದರೆ ಪದದ ಕೊನೆಗೆ ‘ನೆ’ ಅಂಟಿಸಬೇಕು ಎಂದು ಆತ ಹೇಳಿದಾಗಲಂತೂ ಕುರ್ಚಿಯಿಂದ ಎದ್ದು ನಿಂತೆ. ‘ವೇನಿತ್‌ನೆ?’ ಎಂದರೆ ‘ಬಂದನೇ?’ ಎಂದಂತೆ! ಇದು ಬರೀ ಕಾಕತಾಳೀಯವೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೂ ಕ್ರಿಯಾಪದವನ್ನು ನಮ್ಮಂತೆ ವಾಕ್ಯದ ಕಟ್ಟಕಡೆಗೆ ಕೂರಿಸುವ ಈ ಜನ ನಮ್ಮ ಕಡೆಯ ಬೀಗರಂತೆ ಕಾಣತೊಡಗಿದರು.

ಆ ಸಂಬಂಧ ಮುರಿದದ್ದು ಅಕ್ಟೋಬರಿನಲ್ಲಿ. ಪ್ರತಿ ಭಾನುವಾರ ಅವರ ಸಂಜೆಯ ನಾಲ್ಕು ಗಂಟೆ ನಮ್ಮ ರಾತ್ರಿಯ ಎಂಟೂವರೆ. ಬ್ರಿಟನ್ನಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆಂಬುದು ನನಗೇನು ಗೊತ್ತು? ಎಂಟೂವರೆಗೆ ಕುಳಿತು, ಒಂಬತ್ತೂಕಾಲರವರೆಗೆ ಕಪ್ಪು ಪರದೆಯನ್ನು ನೋಡಿ, ‘ವೇನಿತ್‌ನೆ? ವೇನಿತ್‌ನೆ?’ ಎಂದು ನನ್ನಷ್ಟಕ್ಕೆ ಅಭ್ಯಾಸ ಮಾಡಿ, ಕೊನೆಗೆ ಸಿಟ್ಟಿನಿಂದ ಎಲ್ಲವನ್ನೂ ಆರಿಸಿ ಮಲಗಿದೆ. ಆತ ಒಂಬತ್ತೂವರೆಗೆ ಸರಿಯಾಗಿ ಬಂದು, ಖಾಲಿ ಪರದೆಯ ಮುಂದೆ ತನ್ನ ಒಂದು ಗಂಟೆಯನ್ನು ಕಳೆದು, ಅದಕ್ಕೂ ಬಿಲ್ಲು ಕಳಿಸಿದ. ಗಡಿಯಾರದ ಮುಳ್ಳು ತಿರುಗಿಸಿದ್ದಕ್ಕೆ ಪೌಂಡುಗಳಲ್ಲಿ ದಂಡ ಕಟ್ಟಿದ ಬಸವನಗುಡಿಯ ಮೊದಲ ಮನುಷ್ಯ ನಾನೇ ಇರಬೇಕು.

ಫಾದರ್ ಸಿಕ್ಕಿದ್ದು ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರಿಂದ. ವಯಸ್ಸಾದ ಪಾದ್ರಿಗಳು ಇರುವ ಮನೆಯೊಂದರಲ್ಲಿ, ತೊಂಬತ್ತರ ಹತ್ತಿರದ ಒಬ್ಬರಿದ್ದಾರೆ, ಕರಾವಳಿಯ ಕಡೆಯವರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಆಯಾ ಊರಿನ ಭಾಷೆಗಳಿಗೆ ಬಿಟ್ಟುಕೊಡುವ ಮೊದಲೇ ಸೆಮಿನರಿ ಸೇರಿದವರಾದ್ದರಿಂದ ಪಾಠ, ಪರೀಕ್ಷೆ, ಪ್ರಾರ್ಥನೆ ಎಲ್ಲವನ್ನೂ ಲ್ಯಾಟಿನ್ನಿನಲ್ಲೇ ಮಾಡಿದವರು ಎಂದು ಆತ ಹೇಳಿದರು. ಹೋಗಿ ಕೈಮುಗಿದೆ. ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಫಾದರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಎಂತ ಮಾರಾಯ್ರೇ, ಈ ಪ್ರಾಯದಲ್ಲಿ ನಿಮಗೆ ಲ್ಯಾಟಿನ್ ಯಾಕೆ? ಪಾದ್ರಿ ಆಗುವ ಅಂದಾಜು ಉಂಟಾ?”

“ಹೆಂಡತಿ ಇದ್ದಾಳೆ ಫಾದರ್.”

“ಹಾಗಾದರೆ ಅದು ಆಗುವುದಿಲ್ಲ. ಕುಳಿತುಕೊಳ್ಳಿ, ಲ್ಯಾಟಿನ್ ಆಗಬಹುದು.”

ಹಣ ಬೇಡವೆಂದರು. ಸಕ್ಕರೆ ಕಾಯಿಲೆಯಿರುವುದರಿಂದ ಸಿಹಿಯೂ ಬೇಡ, ಗಾಂಧಿ ಬಜಾರಿನ ಕೋಡುಬಳೆಯಾದರೆ ಅಡ್ಡಿಯಿಲ್ಲ ಎಂದರು. ತೊಂದರೆಯೆಲ್ಲ ಉಚ್ಚಾರಣೆಯದ್ದು. ಇಂಗ್ಲೆಂಡಿಗೆ ದುಡ್ಡು ತೆತ್ತು ಕಲಿತಿದ್ದ ‘ಕಿಕೆರೋ’ವನ್ನು ಒಪ್ಪಿಸಿದಾಗ ಫಾದರ್ ಕಿವಿಯಲ್ಲಿ ನೀರು ಹೊಕ್ಕವರಂತೆ ತಲೆ ಕೊಡವಿದರು. ಇಗರ್ಜಿಯ ಲ್ಯಾಟಿನ್ ಇಟಲಿಯವರ ನಾಲಿಗೆಯದು. ಅಲ್ಲಿ ಅದು ‘ಚಿಚೆರೋ’. ಅಷ್ಟೇ ಅಲ್ಲ, ಹಕಾರವನ್ನು ಅವರು ನುಂಗುತ್ತಾರೆ. ‘ಹೋಮೋ’ ಎಂದರೆ ಮನುಷ್ಯ, ಹೇಳುವಾಗ ‘ಓಮೋ’. ಮಂಡ್ಯದ ಕಡೆ ಹಾಲನ್ನು ಆಲು ಎನ್ನುವವರನ್ನು ಇಷ್ಟು ವರ್ಷ ತಿದ್ದುತ್ತ ಬಂದ ನನಗೆ ಇದೊಂದು ತಕ್ಕ ಶಾಸ್ತಿಯೇ ಆಯಿತು. ಎಷ್ಟು ಪ್ರಯತ್ನಿಸಿದರೂ ಹಕಾರವನ್ನು ಬಿಡಲು ನನ್ನಿಂದ ಆಗಲಿಲ್ಲ. ಅದರ ಫಲವನ್ನು ಮನೆಯಲ್ಲಿ ಉಂಡೆ. ‘ಇವನು, ಇವಳು, ಇದು’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ಹಿಕ್, ಹೇಕ್, ಹೋಕ್’. ನಾನು ರಾತ್ರಿ ಅದನ್ನು ಉರು ಹೊಡೆಯುತ್ತಿದ್ದಾಗ ನನ್ನ ಹೆಂಡತಿ ಚೊಂಬಿನಲ್ಲಿ ನೀರು ತಂದಿಟ್ಟು, “ಯಾರೋ ನಿಮ್ಮನ್ನ ಬಲವಾಗಿ ನೆನೆಸ್ಕೊಳ್ತಿದಾರೆ ರೀ” ಎಂದಳು. ಮರುದಿನ ‘ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ’ ಎಂಬ ಪಾಠ: ‘ಅಮೋ, ಅಮಾಸ್, ಅಮತ್’. ಅಡುಗೆಮನೆಯಿಂದಲೇ ಉತ್ತರ ಬಂತು: “ಅಮಾಸೆ ಇನ್ನೂ ಒಂಬತ್ತು ದಿನ ಇದೆ, ಅಷ್ಟೊಂದ್ಸಲ ಯಾಕೆ ಕೇಳ್ತೀರಿ?” ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ‘ಪ್ರೀತಿಸುತ್ತೇನೆ’ ಎಂದಿದ್ದೆ.

ಫಾದರ್ ಅವರ ಪಾಠದಿಂದ ದಿನ ಬೆಳಗಾದರೆ ಆಡುವ ಮಾತುಗಳೂ ನೆಟ್ಟಗೆ ನಿಲ್ಲದಂತಾದವು. ‘ಅಫಿಡವಿಟ್’ ಎಂಬುದು ನಾಮಪದವೇ ಅಲ್ಲ, ‘ಅವನು ಪ್ರಮಾಣ ಮಾಡಿದ್ದಾನೆ’ ಎಂಬ ಪೂರ್ತಿ ವಾಕ್ಯ. ‘ವಿಡಿಯೋ’ ಎಂದರೆ ‘ನಾನು ನೋಡುತ್ತೇನೆ’. ಎಲ್ಲಕ್ಕಿಂತ ಪೆಟ್ಟು ಬಿದ್ದದ್ದು ಬಸ್ಸಿನ ವಿಷಯದಲ್ಲಿ. ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೆ’. ಅದರಲ್ಲಿ ‘ಬುಸ್’ ಎಂಬುದು ನಮ್ಮ ಚತುರ್ಥಿ ವಿಭಕ್ತಿಯ ‘ಗೆ’ ಪ್ರತ್ಯಯದಂಥ ಒಂದು ಬಾಲ. ಜನ ತಲೆಯನ್ನು ಬಿಟ್ಟು ಬಾಲವನ್ನು ಇಟ್ಟುಕೊಂಡರು. ಅಂದು ವಾಪಸು ಬರುವಾಗ ನಿಲ್ದಾಣದಲ್ಲಿ ನಿಂತು, ನಾವೆಲ್ಲ ಒಂದು ವಿಭಕ್ತಿ ಪ್ರತ್ಯಯಕ್ಕಾಗಿ ಅರ್ಧ ಗಂಟೆಯಿಂದ ಕಾಯುತ್ತಿದ್ದೇವಲ್ಲ ಎಂದು ನೆನೆದು ನಗು ತಡೆಯಲಾರದೆ ಹೋದೆ. ಅಷ್ಟರಲ್ಲಿ ನನ್ನ ಪ್ರತ್ಯಯ ಬಂದು, ನಿಂತು, ಹೋಗಿಯೂ ಬಿಟ್ಟಿತ್ತು.

ಎರಡು ತಿಂಗಳ ಬಳಿಕ ಅರಳಿ ಮರದ ಪ್ರಶ್ನೆಯನ್ನು ಮುಂದಿಟ್ಟೆ. ಫಾದರ್ ಕೋಡುಬಳೆಯನ್ನು ಮುರಿದು ಅರ್ಧ ನನಗೆ ಕೊಟ್ಟು ಹೇಳಿದರು: ಪದ ‘ಉಸ್’ ಎಂದು ಮುಗಿದು ಗಂಡಿನ ಹಾಗೆ ಕಂಡರೂ ರೋಮಿನವರಿಗೆ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ; ‘ಫೀಕುಸ್’ ಹೆಣ್ಣು, ಅದಕ್ಕೆ ಹೊಂದುವ ವಿಶೇಷಣ ‘ರೆಲಿಜಿಯೋಸಾ’. “ಹಣ್ಣು ಕೊಡುವುದು ಹೆಣ್ಣೇ ಅಲ್ವಾ ಮಾರಾಯ್ರೇ?” ಸಹಿ ಸರಿಯಾಗಿಯೇ ಇತ್ತು, ನಾನು ತಾಳೆ ನೋಡುತ್ತಿದ್ದ ಕಾರ್ಡು ತಪ್ಪಾಗಿತ್ತು.

ಮರುದಿನ ಲಾಲ್‌ಬಾಗಿನಲ್ಲಿ ಗುಂಪನ್ನು ಅರಳಿಯ ಮುಂದೆ ನಿಲ್ಲಿಸಿ ಇಪ್ಪತ್ತು ನಿಮಿಷ ಉಪನ್ಯಾಸ ಮಾಡಿದೆ. ಪ್ರಾಧ್ಯಾಪಕರು ತಲೆದೂಗಿದರು. ವಕೀಲರು ಮಾತ್ರ ನಿಧಾನವಾಗಿ ನನ್ನ ಕೈಹಿಡಿದು ಹಲಸಿನ ಮರದ ಹತ್ತಿರ ಕರೆದೊಯ್ದು ಫಲಕವನ್ನು ತೋರಿಸಿದರು: ‘ಆರ್ಟೋಕಾರ್ಪಸ್ ಹೆಟೆರೋಫಿಲಸ್’. “ಇದೂ ಮರವೇ ಅಲ್ವೇ ಸ್ವಾಮಿ? ಹಣ್ಣೂ ಕೊಡುತ್ತೆ. ಇದ್ಯಾಕೆ ಎರಡೂ ಕಡೆ ಗಂಡು?” ಎಂದು ಪಾಟೀಸವಾಲು ಹಾಕಿದರು. ಅಂದೇ ಮಧ್ಯಾಹ್ನ ಕೋಡುಬಳೆಯ ಪೊಟ್ಟಣದೊಂದಿಗೆ ಫಾದರ್ ಬಳಿ ಓಡಿದೆ. ಅವರು ಕನ್ನಡಕವನ್ನು ಏರಿಸಿ ಚೀಟಿಯನ್ನು ಓದಿ, ವಾಪಸು ಕೊಟ್ಟುಬಿಟ್ಟರು. “ಇದು ಗ್ರೀಕ್. ‘ಆರ್ತೋಸ್’ ಅಂದರೆ ರೊಟ್ಟಿ, ‘ಕಾರ್ಪೋಸ್’ ಅಂದರೆ ಹಣ್ಣು, ಅದು ಅವರಲ್ಲಿ ಪುಲ್ಲಿಂಗ. ಇಷ್ಟೇ ನನಗೆ ನೆನಪಿರುವುದು. ಗ್ರೀಕಿನಲ್ಲಿ ನಾನು ಎರಡು ಸಲ ಫೇಲು ಮಾರಾಯ್ರೇ.”

ಮನೆಗೆ ಬಂದು, ಶಬ್ದ ಮಾಡದೆ ಇನ್ನೊಂದು ಹೊಸ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು ಶ್ರೀಕಾರ ಬರೆದೆ. ಹೆಂಡತಿ ಪಕ್ಕದಲ್ಲಿ ಬಂದು ನಿಂತು, ಪುಸ್ತಕವನ್ನೂ ನನ್ನನ್ನೂ ಒಂದು ಸಲ ನೋಡಿ, “ಈ ಸಲ ಸೋಫಾ ಸರಿಸ್ಬೇಕಾ ಬೇಡ್ವಾ, ಮೊದಲೇ ಹೇಳಿಬಿಡಿ” ಎಂದಳು.